ಬಾಕ್ಸಿಂಗ್ ಕಲಿತವನಿಗೆ ಸೈನ್ಯದ ಕಾಳಗ ತರಬೇತಿ ಸುಲಭವಾ? ಎರಡಕ್ಕೂ ನಿಜವಾದ ವ್ಯತ್ಯಾಸ ಏನು?

ಹುಬ್ಬಳ್ಳಿ_ಬಾಕ್ಸರ್
ಎಲ್ಲರಿಗೂ ನಮಸ್ಕಾರ. ಪಿಯುಸಿ ಕಾಲದಿಂದ ಬಾಕ್ಸಿಂಗ್ ಮಾಡುತ್ತಿದ್ದೇನೆ. ಜಿಲ್ಲಾ ಮಟ್ಟದಲ್ಲಿ ಆಡಿದ್ದೇನೆ. ಈಗ ಅಗ್ನಿವೀರ್‌ಗೆ ತಯಾರಿ ನಡೆದಿದೆ.

ನಮ್ಮ ಕಡೆ ಒಂದು ಅಕಾಡೆಮಿಯವರು "ಕಮಾಂಡೋ ಕಾಂಬ್ಯಾಟ್" ಅಂತ ಹದಿನೈದು ದಿನದ ಕೋರ್ಸ್ ಶುರು ಮಾಡಿದ್ದಾರೆ. ಫೀಸು ಎಂಟು ಸಾವಿರ. "ಬಾಕ್ಸಿಂಗ್, ಕುಸ್ತಿ ಎಲ್ಲಾ ಆಟ. ಅದರಲ್ಲಿ ಪಳಗಿದವನು ಸೈನ್ಯದಲ್ಲಿ ಒದ್ದಾಡುತ್ತಾನೆ. ಇಲ್ಲಿ ಮೂರು ಸೆಕೆಂಡಿನಲ್ಲಿ ಎದುರಾಳಿಯನ್ನು ಮುಗಿಸುವುದು ಕಲಿಸುತ್ತೇವೆ" ಅನ್ನುತ್ತಾರೆ. ನನ್ನ ಕೋಚ್ ಅದಕ್ಕೆ ತದ್ವಿರುದ್ಧ. ರಿಂಗಿನಲ್ಲಿ ಏಟು ತಿಂದು ನಿಂತವನು ಎಲ್ಲಿ ಬೇಕಾದರೂ ನಿಲ್ಲುತ್ತಾನೆ ಅನ್ನುವುದು ಅವರ ಮಾತು.

ಸೈನ್ಯದಲ್ಲಿ ಇದ್ದವರು, ಕುಸ್ತಿ, ಜೂಡೋ, ಎಂಎಂಎ (ಮಿಶ್ರ ಸಮರ ಕಲೆ) ಮಾಡಿದವರು ದಯವಿಟ್ಟು ಹೇಳಿ. ಅಲ್ಲಿನ ತರಬೇತಿಗೂ ಇಲ್ಲಿನದಕ್ಕೂ ಏನು ವ್ಯತ್ಯಾಸ? ನನ್ನ ಬಾಕ್ಸಿಂಗ್ ಅಲ್ಲಿ ಉಪಯೋಗಕ್ಕೆ ಬರುತ್ತದಾ, ಇಲ್ಲ ಅಡ್ಡಿಯಾಗುತ್ತದಾ?

ನೆಲಪಟ್ಟು_ಬೆಂಗಳೂರು
ಹದಿನೈದು ದಿನದಲ್ಲಿ ಕಮಾಂಡೋ ಆಗುವುದಿಲ್ಲ. ದುಡ್ಡು ಜೇಬಲ್ಲೇ ಇರಲಿ.

ಮಾಜಿ_ಹವಾಲ್ದಾರ್
ತಮ್ಮಾ, ಮೊದಲು ಭರ್ತಿಯ ವಿಷಯ ಮುಗಿಸೋಣ. ಅಲ್ಲಿ ಯಾರೂ ನಿನ್ನನ್ನು ಹೊಡೆದಾಡು ಅಂತ ಕೇಳುವುದಿಲ್ಲ. ಮೊದಲು ಆನ್‌ಲೈನ್ ಪರೀಕ್ಷೆ. ಅದು ಪಾಸಾದರೆ ರ‍್ಯಾಲಿ. ಅಲ್ಲಿ 1.6 ಕಿ.ಮೀ. ಓಟ, ಬೀಮ್ ಮೇಲೆ ಪುಲ್‌ಅಪ್, 9 ಅಡಿ ಹಳ್ಳ ಜಿಗಿಯುವುದು, ಜಿಗ್‌ಜ್ಯಾಗ್ ಬ್ಯಾಲೆನ್ಸ್. ಅಂಕ ಬರುವುದು ಓಟಕ್ಕೆ ಮತ್ತು ಪುಲ್‌ಅಪ್‌ಗೆ. ಉಳಿದೆರಡರಲ್ಲಿ ಪಾಸಾದರೆ ಸಾಕು. ಆಮೇಲೆ ಮೆಡಿಕಲ್. ಎಂಟು ಸಾವಿರ ಕೊಟ್ಟು ಕಲಿತ ಕತ್ತು ತಿರುಚುವ ಪಟ್ಟಿಗೆ ಅಲ್ಲಿ ಒಂದು ಅಂಕವೂ ಇಲ್ಲ.

ಇನ್ನು ನಿನ್ನ ಪ್ರಶ್ನೆ. ನಾನು ಇನ್ಫೆಂಟ್ರಿಯಲ್ಲಿದ್ದವನು. ಬರಿಗೈ ಕಾಳಗ ನಮ್ಮಲ್ಲಿ ಕೊನೆಯ ದಾರಿ. ಮೊದಲು ರೈಫಲ್. ಅದು ನಿಂತರೆ ಬಯೊನೆಟ್ (ರೈಫಲ್ ತುದಿಯ ಚೂರಿ), ಇಲ್ಲ ರೈಫಲ್‌ನ ಹಿಂಭಾಗದಿಂದ ಹೊಡೆತ. ಅದೂ ಕೈತಪ್ಪಿದರೆ ಹೆಲ್ಮೆಟ್, ಸಲಿಕೆ, ಕಲ್ಲು, ಕೈಗೆ ಏನು ಸಿಗುತ್ತದೋ ಅದು. ಏನೂ ಇಲ್ಲ ಅಂದಾಗ ಬರಿಗೈ. ಅದೂ ಗೆಲ್ಲುವುದಕ್ಕಲ್ಲ. ಅವನನ್ನು ಒಂದೆರಡು ಹೆಜ್ಜೆ ಹಿಂದಕ್ಕೆ ತಳ್ಳಿ ನಿನ್ನ ಆಯುಧ ಮತ್ತೆ ಹಿಡಿಯುವುದಕ್ಕೆ, ಇಲ್ಲ ನಿನ್ನ ಜೊತೆಗಾರ ಬಂದು ಮುಟ್ಟುವವರೆಗೆ ಜೀವ ಉಳಿಸಿಕೊಳ್ಳುವುದಕ್ಕೆ. ರಿಂಗಿನಲ್ಲಿ ನೀನು ಒಬ್ಬನೇ ಇರಲೇಬೇಕು, ಅದೇ ನಿಯಮ. ನಮ್ಮಲ್ಲಿ ಒಬ್ಬನೇ ಸಿಕ್ಕಿಕೊಂಡೆ ಅಂದರೆ ಅಲ್ಲಿಗೆ ಬರುವ ಮೊದಲೇ ಏನೋ ಕೆಟ್ಟಿದೆ ಅಂತ ಅರ್ಥ.

ಅಗ್ನಿವೀರನ ತರಬೇತಿ ಆರೇಳು ತಿಂಗಳು. ಅದರಲ್ಲಿ ಫೈರಿಂಗ್, ಡ್ರಿಲ್, ಫೀಲ್ಡ್ ಕ್ರಾಫ್ಟ್, ಮ್ಯಾಪ್ ಓದುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಪಿಟಿ ಎಲ್ಲಾ ಆಗಬೇಕು. ಬರಿಗೈ ಕಾಳಗಕ್ಕೆ ಸಿಗುವ ಹೊತ್ತು ಕಡಿಮೆ. ನೀನು ವರ್ಷಗಟ್ಟಲೆ ಒಂದು ಜ್ಯಾಬ್ ತಿದ್ದಿಕೊಂಡ ಹಾಗೆ ತಿದ್ದಿಕೊಳ್ಳಲು ಅಲ್ಲಿ ಪುರುಸೊತ್ತಿಲ್ಲ. ಅದಕ್ಕೇ ಪಟ್ಟುಗಳು ಕಡಿಮೆ, ಒರಟು, ಚಳಿಯಲ್ಲಿ ಕೈ ಮರಗಟ್ಟಿದಾಗಲೂ ಬರುವಂಥವು.

ಹುಬ್ಬಳ್ಳಿ_ಬಾಕ್ಸರ್
ಥ್ಯಾಂಕ್ಸ್ ಸರ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆದರೆ ಹೊಡೆತದ ಭಯ ಹೋಗಿಸಲು ಸೈನ್ಯದಲ್ಲಿ ಬಾಕ್ಸಿಂಗ್ ಮಾಡಿಸುತ್ತಾರೆ ಅಂತ ಕೇಳಿದ್ದೆ?

ಮಾಜಿ_ಹವಾಲ್ದಾರ್
ಬಾಕ್ಸಿಂಗ್ ನಮ್ಮಲ್ಲಿ ದೊಡ್ಡ ವಿಷಯವೇ. ಕಂಪನಿ ಕಂಪನಿ ನಡುವೆ ಪಂದ್ಯ ನಡೆಯುತ್ತದೆ. ಇಡೀ ಕಂಪನಿ ಸುತ್ತ ನಿಂತು ಕೂಗುತ್ತದೆ. ಹೊಸ ಹುಡುಗನಿಗೆ ಅಲ್ಲಿ ಧೈರ್ಯ ಬರುತ್ತದೆ. ಆದರೆ ಅದನ್ನು ಯಾರೂ ಯುದ್ಧದ ತರಬೇತಿ ಅಂತ ಕರೆಯುವುದಿಲ್ಲ.

ಓದುಗ_ಶಿವಮೊಗ್ಗ
ಇದಕ್ಕೆ ಸಂಬಂಧಪಟ್ಟ ಒಂದು ಒಳ್ಳೆಯ ಉದಾಹರಣೆ ಬ್ರಿಟಿಷ್ ಪ್ಯಾರಾಚೂಟ್ ರೆಜಿಮೆಂಟಿನದು. ಅವರ ಆಯ್ಕೆ ಪರೀಕ್ಷೆಗೆ ಪಿ ಕಂಪನಿ ಅಂತ ಹೆಸರು. ಅದರಲ್ಲಿ "ಮಿಲಿಂಗ್" ಅಂತ ಒಂದು ಭಾಗ ಇದೆ. ಒಂದೇ ಮೈಕಟ್ಟಿನ ಇಬ್ಬರಿಗೆ ಗ್ಲೌಸ್ ಹಾಕಿಸಿ 60 ಸೆಕೆಂಡು ಬಿಡುತ್ತಾರೆ. ಮುಖಕ್ಕೆ ನೇರ ಹೊಡೆತ ಹೊಡೆಯುತ್ತಲೇ ಇರಬೇಕು. ತಪ್ಪಿಸಿಕೊಳ್ಳುವ ಹಾಗಿಲ್ಲ, ಹಿಂದೆ ಸರಿಯುವ ಹಾಗಿಲ್ಲ.

ನೋಡಲು ಬಾಕ್ಸಿಂಗ್ ತರಹ ಕಾಣುತ್ತದೆ. ಆದರೆ ಬಾಕ್ಸಿಂಗ್ ಕೋಚ್ ಏನನ್ನು ಮೆಚ್ಚುತ್ತಾನೋ ಅದನ್ನೇ ಅಲ್ಲಿ ತಪ್ಪು ಅನ್ನುತ್ತಾರೆ. ತಲೆ ಸರಿಸಿ ಏಟು ತಪ್ಪಿಸುವುದು, ಪಾದ ಬದಲಿಸುವುದು, ಕಾದು ಹೊಡೆಯುವುದು ಯಾವುದೂ ಬೇಡ. ಅವರು ನೋಡುವುದು ಕೌಶಲ ಅಲ್ಲ. ಮೂಗಿನಲ್ಲಿ ರಕ್ತ ಸುರಿಯುವಾಗಲೂ ಮುಂದೆ ನುಗ್ಗುತ್ತಾನಾ, ಶಿಳ್ಳೆ ಊದಿದ ತಕ್ಷಣ ನಿಲ್ಲಿಸುತ್ತಾನಾ ಅನ್ನುವುದು.

ನೆಲಪಟ್ಟು_ಬೆಂಗಳೂರು
ಧೈರ್ಯ ಪರೀಕ್ಷೆಗೆ ಅದು ಸರಿ ಇರಬಹುದು. ಆದರೆ ಹೊಡೆದಾಡಲು ಬರಬೇಕು ಅಂದರೆ ಕ್ರೀಡೆಯ ದಾರಿಯೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಹೇಳುತ್ತೇನೆ. ಜೂಡೋ ಹುಟ್ಟುಹಾಕಿದ ಕನೋ ಜಿಗೊರೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ಶುರು ಮಾಡಿದಾಗ ಹಳೆಯ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ಅಭ್ಯಾಸದ ಹೊಡೆದಾಟದಿಂದ ಹೊರಗಿಟ್ಟರು. ಉಳಿದದ್ದನ್ನು ಪೂರ್ತಿ ಬಲ ಹಾಕಿ, ಎದುರಾಳಿ ಪೂರ್ತಿ ತಡೆಯುತ್ತಿರುವಾಗ, ದಿನಾ ಮಾಡುವ ಹಾಗಾಯಿತು. ಅದರಿಂದ ಜೂಡೋ ಸಪ್ಪೆ ಆಗಲಿಲ್ಲ, ಗಟ್ಟಿಯಾಯಿತು. ಕಣ್ಣಿಗೆ ಬೆರಳು ಹಾಕುವ ಪಟ್ಟನ್ನು ಯಾರ ಮೇಲೆ ಅಭ್ಯಾಸ ಮಾಡುತ್ತೀರಿ? ಗಾಳಿಯಲ್ಲಿ ಮಾಡಬೇಕು, ಇಲ್ಲ ಸುಮ್ನೆ ನಿಂತವನ ಮೇಲೆ. ನಿಜವಾಗಿ ಒಬ್ಬ ಮೇಲೆ ಬಿದ್ದಾಗ ಅದು ಬರುವುದಿಲ್ಲ.

2017ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಶು ಶಿಯಾವೊಡಾಂಗ್ ಅನ್ನುವ ಎಂಎಂಎ ಆಟಗಾರ ಒಬ್ಬ ತೈ ಚಿ ಗುರುವನ್ನು ಅರ್ಧ ನಿಮಿಷದ ಒಳಗೆ ನೆಲಕ್ಕೆ ಹಾಕಿದ. ವಿಡಿಯೋ ಎಲ್ಲರೂ ನೋಡಿದ್ದೀರಿ. ಈ ಹದಿನೈದು ದಿನದ ಅಕಾಡೆಮಿಯವರು ಮಾರುತ್ತಿರುವುದೂ ಅದೇ ಸರಕು. ತಡೆಯುವ ಎದುರಾಳಿಯೇ ಇಲ್ಲದ "ಮಾರಣಾಂತಿಕ" ಪಟ್ಟುಗಳು.

ಗರಡಿಮನೆ_ಮೈಸೂರು
ನೆಲಪಟ್ಟು ಅವರೇ, ಜೋರ್ (ಅಭ್ಯಾಸದ ಕುಸ್ತಿ) ಮಾಡದೆ ಪಟ್ಟು ಬರುವುದಿಲ್ಲ ಅನ್ನುವುದು ನೂರಕ್ಕೆ ನೂರು ಸತ್ಯ. ನಮ್ಮ ಗರಡಿಯಲ್ಲೂ ಉಸ್ತಾದರು ಹೊಸಬನಿಗೆ ಮೊದಲು ಸಾಮು, ದಂಡ, ಬಸ್ಕಿ ಮಾಡಿಸಿ ಆಮೇಲೆ ಮಟ್ಟಿಗೆ (ಕುಸ್ತಿಯ ಮಣ್ಣಿನ ಕಣಕ್ಕೆ) ಇಳಿಸುವುದೇ ಜೋಡಿ ಜೊತೆ ಜೋರ್ ಮಾಡಲು.

ಆದರೆ ಒಂದು ಆಟದ ನಿಯಮ ಮೈಗೆ ಏನು ಅಭ್ಯಾಸ ಹಿಡಿಸುತ್ತದೆ ಅನ್ನುವುದನ್ನೂ ನೋಡಿ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಹಾಗಾಗಿ ಪೈಲ್ವಾನನಿಗೆ ಬೆನ್ನ ಮೇಲೆ ಬೀಳುವುದು ಅಂದರೆ ಮೈಯೆಲ್ಲ ವಿರೋಧ ಮಾಡುತ್ತದೆ. ನಿಮ್ಮ ಬಿಜೆಜೆಯಲ್ಲಿ (ಬ್ರೆಜಿಲಿಯನ್ ಜುಜುತ್ಸು) ಬೇಕಂತಲೇ ಬೆನ್ನ ಮೇಲೆ ಮಲಗಿ ಕಾಲಲ್ಲಿ ಎದುರಾಳಿಯನ್ನು ಸುತ್ತಿಕೊಳ್ಳುತ್ತೀರಿ. ಮ್ಯಾಟ್ ಮೇಲೆ ಒಬ್ಬನೇ ಎದುರಾಳಿ ಇರುವಾಗ ಅದು ಸೊಗಸು. ಅವನ ಕೈಯಲ್ಲಿ ಚಾಕು ಇದ್ದರೆ? ಪಕ್ಕದಲ್ಲಿ ಅವನ ಜೊತೆಯವನು ನಿಂತಿದ್ದರೆ?

ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗ ನೆನಪಿಗೆ ಬರುತ್ತದೆ. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳು ಮಾಡುವುದು. ತಲೆ ಬೋಳಿಸಿ, ಕೈಗೆ ವಜ್ರಮುಷ್ಟಿ ಅನ್ನುವ ಮುಳ್ಳಿನ ಆಯುಧ ಕಟ್ಟಿಕೊಂಡು ಇಳಿಯುತ್ತಾರೆ. ಮೊದಲ ರಕ್ತ ಕಂಡ ತಕ್ಷಣ ನಿಲ್ಲಿಸುತ್ತಾರೆ. ಎಷ್ಟು ಭಯಂಕರ ಆಯುಧ ಇದ್ದರೂ ನಿಲ್ಲಿಸುವ ಗೆರೆ ಒಂದು ಬಂದ ಮೇಲೆ ಅದು ಪಂದ್ಯವೇ. ಅದರಿಂದ ಜಟ್ಟಿಗಳ ಮೇಲಿನ ಗೌರವ ಎಳ್ಳಷ್ಟೂ ಕಡಿಮೆ ಆಗುವುದಿಲ್ಲ.

ರಾಯಚೂರು_ರಾಕೆಟ್
ಈ ಸಲ ದಸರಾ ಕುಸ್ತಿಗೆ ಪಾಸ್ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಾ?

ಗರಡಿಮನೆ_ಮೈಸೂರು
@ರಾಯಚೂರು_ರಾಕೆಟ್ ಮೆಸೇಜ್ ಮಾಡಿ, ಹೇಳುತ್ತೇನೆ.

ನೆಲಪಟ್ಟು_ಬೆಂಗಳೂರು
ಚಾಕು ಇದ್ದರೆ ಯಾವ ಕಲೆಯವನಿಗೂ ಕಷ್ಟವೇ, ಕುಸ್ತಿಯವನಿಗೂ. ಅಮೆರಿಕದ ಸೈನ್ಯ ತನ್ನ ತರಬೇತಿಗೆ ಬಿಜೆಜೆಯನ್ನೇ ಆರಿಸಿಕೊಂಡಿತು ಅನ್ನುವುದನ್ನು ಮರೆಯಬೇಡಿ.

ಡಲ್ಲಾಸ್_ಕನ್ನಡಿಗ
ಈ ವಿಷಯದಲ್ಲಿ ಸ್ವಲ್ಪ ಓದಿದ್ದೇನೆ. ಇಲ್ಲಿ ನನ್ನ ಜೊತೆ ಜಿಮ್‌ಗೆ ಬರುವವರಲ್ಲಿ ಸೈನ್ಯದಲ್ಲಿದ್ದವರೂ ಇದ್ದಾರೆ. ನೀವಿಬ್ಬರೂ ಅರ್ಧರ್ಧ ಸರಿ.

1995ರ ಸುಮಾರಿಗೆ ಅಮೆರಿಕ ಸೈನ್ಯದ 2ನೇ ರೇಂಜರ್ ಬಟಾಲಿಯನ್‌ನಲ್ಲಿ ಮ್ಯಾಟ್ ಲಾರ್ಸನ್ ಮತ್ತು ಜೊತೆಯವರು ಹೊಸ ಕಾರ್ಯಕ್ರಮ ಕಟ್ಟಲು ಹೊರಟರು. ಅದಕ್ಕೆ ಮೊದಲು ಕೈಪಿಡಿಯಲ್ಲಿ ಬೇಕಾದಷ್ಟು ಕೊಲ್ಲುವ ಪಟ್ಟುಗಳಿದ್ದವು. ಆದರೆ ಬಟಾಲಿಯನ್‌ಗಳಲ್ಲಿ ಯಾರೂ ಅಭ್ಯಾಸ ಮಾಡುತ್ತಿರಲಿಲ್ಲ. ಮಾಡಿದರೆ ಗಾಯ, ಇಲ್ಲ ಬೇಜಾರು. ಇವರು ಕ್ಯಾಲಿಫೋರ್ನಿಯಾದ ಟಾರನ್ಸ್‌ಗೆ ಹೋಗಿ ಬಿಜೆಜೆ ಬೆಳೆಸಿದ ಗ್ರೇಸಿ ಕುಟುಂಬದ ಹತ್ತಿರ ಕಲಿತರು. ಬಿಜೆಜೆ ಆರಿಸಿದ್ದಕ್ಕೆ ಕಾರಣ ನೆಲದ ಮೇಲಿನ ಹೊಡೆದಾಟವೇ ಯುದ್ಧ ಅಂತ ಅಲ್ಲ. ಬೇಗ ಕಲಿಯಬಹುದು, ಪೂರ್ತಿ ಬಲದಲ್ಲಿ ಆಡಿದರೂ ಮರುದಿನ ಡ್ಯೂಟಿಗೆ ಬರಬಹುದು, ಪಂದ್ಯ ಇಡಬಹುದು. ಪಂದ್ಯ ಇದ್ದರೆ ಹುಡುಗರು ತಾವಾಗಿಯೇ ಅಭ್ಯಾಸ ಮಾಡುತ್ತಾರೆ. ನೆಲಪಟ್ಟು ಅವರ ವಾದವೇ ಇದು.

ಈಗ ಇನ್ನೊಂದು ಅರ್ಧ. ಅದೇ ಲಾರ್ಸನ್ ಹೇಳುವ ಮಾತು: ಕೈಕೈ ಹೊಡೆದಾಟದಲ್ಲಿ ಗೆಲ್ಲುವುದು ಯಾರ ಜೊತೆಗಾರ ಮೊದಲು ಬಂದೂಕು ಹಿಡಿದು ಬರುತ್ತಾನೋ ಅವನು. ಹವಾಲ್ದಾರ್ ಸರ್ ಮೇಲೆ ಬರೆದದ್ದೂ ಇದನ್ನೇ ಅಲ್ವಾ. ಆಮೇಲೆ ಇರಾಕ್, ಅಫ್ಘಾನಿಸ್ತಾನದ ಅನುಭವ ಬಂದ ಮೇಲೆ ಬುಲೆಟ್ ಪ್ರೂಫ್ ಜಾಕೆಟ್ ಹಾಕಿಕೊಂಡು ಮಾಡುವುದು, ನಿಂತು ತಬ್ಬಿ ಹಿಡಿಯುವುದು, ಆಯುಧ ಕಿತ್ತುಕೊಳ್ಳಲು ಬಂದವನನ್ನು ತಡೆಯುವುದಕ್ಕೆ ಒತ್ತು ಜಾಸ್ತಿಯಾಯಿತು.

2004ರಿಂದ 2008ರವರೆಗೆ ಯುದ್ಧಭೂಮಿಯಿಂದ ಬಂದ ಅಮೆರಿಕದ ಸೈನಿಕರನ್ನು ಕೇಳಿ ಮಾಡಿದ ಒಂದು ಅಧ್ಯಯನ ಇದೆ. ಸುಮಾರು ಐದರಲ್ಲಿ ಒಬ್ಬರು ಕೈಕೈ ಹೋರಾಟದ ಕೌಶಲ ಬಳಸಿದ್ದೆ ಅಂದರು. ಅದರಲ್ಲೂ ಜಾಸ್ತಿ ಹಿಡಿದು ಎಳೆದಾಡುವುದು. ಆಮೇಲೆ ರೈಫಲ್‌ನಂಥದ್ದರಿಂದ ಹೊಡೆಯುವುದು. ಗುದ್ದುವುದು, ಒದೆಯುವುದು ಎಲ್ಲಕ್ಕಿಂತ ಕಡಿಮೆ.

ಹುಬ್ಬಳ್ಳಿ_ಬಾಕ್ಸರ್
ಗುದ್ದುವುದು ಎಲ್ಲಕ್ಕಿಂತ ಕಡಿಮೆನಾ? ಹಾಗಾದರೆ ನನ್ನ ಇಷ್ಟು ವರ್ಷದ್ದು?

ಫಿಸಿಯೋ_ದಾವಣಗೆರೆ
ಬೇಜಾರು ಮಾಡಿಕೊಳ್ಳಬೇಡಿ. ಆದರೆ ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ನೀವು ಹೊಡೆಯುವುದು ಕೈಗೆ ಪಟ್ಟಿ ಸುತ್ತಿ, ಮೇಲೆ ಗ್ಲೌಸ್ ಹಾಕಿ. ಬರಿ ಮುಷ್ಟಿಯಲ್ಲಿ ಗಟ್ಟಿ ಜಾಗಕ್ಕೆ ಹೊಡೆದರೆ ಕಿರುಬೆರಳಿನ ಬುಡದ ಅಂಗೈ ಮೂಳೆ ಮುರಿಯುತ್ತದೆ. ಅದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಲೇ ಹೆಸರು. ಎದುರಿಗಿರುವವನ ತಲೆ ಮೇಲೆ ಹೆಲ್ಮೆಟ್ ಇದ್ದರೆ, ಎದೆ ಮೇಲೆ ಗುಂಡು ತಡೆಯುವ ಪ್ಲೇಟ್ ಇದ್ದರೆ ಮುರಿಯುವುದು ನಿಮ್ಮ ಕೈಯೇ. ಆ ಕೈಯಲ್ಲೇ ನೀವು ಟ್ರಿಗರ್ ಎಳೆಯಬೇಕು, ಮ್ಯಾಗಜೀನ್ ಬದಲಿಸಬೇಕು. ಅದಕ್ಕೇ ಸೈನ್ಯದ ಪಾಠಗಳಲ್ಲಿ ಅಂಗೈ ಬುಡ, ಮೊಣಕೈ, ಮೊಣಕಾಲು, ಬೂಟಿನ ಒದೆತ ಜಾಸ್ತಿ.

ಜೂಡೋ_ಮೇಷ್ಟ್ರು
ಬಾಕ್ಸಿಂಗ್‌ನಿಂದ ಬರುವುದು ಬರೀ ಗುದ್ದು ಅಲ್ಲ ಮಾರಾಯರೇ. ದೂರದ ಅಂದಾಜು, ಕಾಲಿನ ಹಿಡಿತ, ಏಟು ಬಿದ್ದಾಗ ಕಣ್ಣು ಮುಚ್ಚದಿರುವುದು, ಉಸಿರು ಕಟ್ಟಿದಾಗಲೂ ಯೋಚನೆ ಮಾಡುವುದು. ಜೀವನದಲ್ಲಿ ಒಮ್ಮೆಯೂ ಮುಖಕ್ಕೆ ಏಟು ತಿನ್ನದ ಹುಡುಗನಿಗೂ ನಿನಗೂ ಮೊದಲ ದಿನವೇ ವ್ಯತ್ಯಾಸ ಕಾಣುತ್ತದೆ. ನಾನು ಶಾಲೆಯಲ್ಲಿ ಪಿಇ ಹೇಳಿಕೊಡುವವನು. ಮಕ್ಕಳಿಗೆ ನಾನು ಮೊದಲು ಕಲಿಸುವುದು ಬೀಳುವುದನ್ನು. ಭಾರ ಹೊತ್ತು ಕಲ್ಲುಬಂಡೆಯ ಮೇಲೆ ಓಡುವವನಿಗೆ ಸರಿಯಾಗಿ ಬೀಳಲು ಬರುವುದಕ್ಕಿಂತ ಉಪಯೋಗದ ಪಟ್ಟು ಇನ್ನೊಂದಿಲ್ಲ.

ಸುಂಟರಗಾಳಿ_77
ಇಷ್ಟೆಲ್ಲಾ ಯಾಕೆ ಚರ್ಚೆ? ಈಗ ಡ್ರೋನ್ ಕಾಲ. ಕೈಕೈ ಹೊಡೆದಾಟ ಎಲ್ಲಿದೆ? ಅಜ್ಜನ ಕಾಲದ ಮಾತು.

ಮಾಜಿ_ಹವಾಲ್ದಾರ್
@ಸುಂಟರಗಾಳಿ_77 2020ರ ಜೂನ್ 15 ಅಜ್ಜನ ಕಾಲ ಅಲ್ಲ.

ಗಲ್ವಾನ್ ಕಣಿವೆ. 1996ರ ಭಾರತ-ಚೀನಾ ಒಪ್ಪಂದದ ಪ್ರಕಾರ ವಾಸ್ತವ ನಿಯಂತ್ರಣ ರೇಖೆಯಿಂದ 2 ಕಿ.ಮೀ. ಒಳಗೆ ಗುಂಡು ಹಾರಿಸುವ ಹಾಗಿಲ್ಲ. ಹಾಗಾಗಿ ಎರಡೂ ಕಡೆ ನೂರಾರು ಜನ ರಾತ್ರಿ ಕತ್ತಲಲ್ಲಿ ಕಲ್ಲು, ಕಬ್ಬಿಣದ ರಾಡು, ಮೊಳೆ ಬಡಿದ ದೊಣ್ಣೆಗಳಲ್ಲಿ ಹೊಡೆದಾಡಿದರು. 16 ಬಿಹಾರ್ ಬಟಾಲಿಯನ್‌ನ ಕಮಾಂಡಿಂಗ್ ಆಫೀಸರ್ ಕರ್ನಲ್ ಸಂತೋಷ್ ಬಾಬು ಸೇರಿ ನಮ್ಮ 20 ಜನ ಹೋದರು. ಚೀನಾ ಎಂಟು ತಿಂಗಳ ಮೇಲೆ ತನ್ನ ಕಡೆ ನಾಲ್ಕು ಸಾವು ಅಂತ ಒಪ್ಪಿಕೊಂಡಿತು.

ಜಾಗದ ಎತ್ತರ 14,000 ಅಡಿ ಆಸುಪಾಸು. ಕೆಳಗೆ ಕೊರೆಯುವ ನದಿ. ನದಿಗೆ ಬಿದ್ದವರೂ ಇದ್ದರು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರಷ್ಟು. ಹತ್ತು ಹೆಜ್ಜೆ ಓಡಿದರೆ ಎದೆ ಒಡೆಯುವ ಹಾಗಾಗುತ್ತದೆ. ಯಾವ ಪಂದ್ಯದಲ್ಲಿ ಇಂಥದ್ದಕ್ಕೆ ತಯಾರಿ ಇದೆ ಹೇಳಿ? ರೌಂಡ್ ಇಲ್ಲ, ಗಂಟೆ ಇಲ್ಲ, ಹಿಂದಿನಿಂದ ಬರುವವನು ಕಾಣುವುದಿಲ್ಲ.

ಸುಂಟರಗಾಳಿ_77
ಸರಿ ಸರ್, ಒಪ್ಪಿದೆ. ನಮಸ್ಕಾರ ಆ ಇಪ್ಪತ್ತು ಜನಕ್ಕೆ.

ನೆಲಪಟ್ಟು_ಬೆಂಗಳೂರು
ಗಲ್ವಾನ್ ಬಗ್ಗೆ ಗೌರವದಿಂದಲೇ ಒಂದು ಮಾತು. ಅದೇ ತಿಂಗಳು ಟಿಬೆಟ್‌ನ ಮೀಸಲು ಪಡೆಗೆ ಒಂದು ಎಂಎಂಎ ಕ್ಲಬ್‌ನವರನ್ನು ಸೇರಿಸಿಕೊಂಡ ಸುದ್ದಿಯನ್ನು ಚೀನಾದ ಸರ್ಕಾರಿ ಮಾಧ್ಯಮಗಳೇ ಹಾಕಿದ್ದವು. ನಮ್ಮ ಸೈನ್ಯವೂ ಆಮೇಲೆ ಅಮರ್ ಅಂತ ಹೊಸ ಮಾರ್ಷಲ್ ಆರ್ಟ್ಸ್ ಅಭ್ಯಾಸ ತಂದಿತು. ಅಂದರೆ ಹೊಡೆದಾಟದ ಕೌಶಲಕ್ಕೆ ಬೆಲೆ ಇದೆ ಅಂತ ಎರಡೂ ಕಡೆಯವರಿಗೂ ಗೊತ್ತು. ಆ ಕೌಶಲ ಬರುವುದು ಕ್ರೀಡೆಯವರಿಂದ.

ಮಾಜಿ_ಹವಾಲ್ದಾರ್
ಬೆಲೆ ಇಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ಆದರೆ ಆ ರಾತ್ರಿ ಬೇಕಾಗಿದ್ದು ಏನು ಯೋಚಿಸಿ. ಸಾಲು ಮುರಿಯದೆ ನಿಲ್ಲುವುದು. ಬಿದ್ದವನನ್ನು ಬಿಡದೆ ಎಳೆದು ತರುವುದು. ಸಾಹೇಬರು ಬಿದ್ದ ಮೇಲೂ ಮುಂದಿನವನು ಹುಕುಂ ಕೊಡುವುದು, ಉಳಿದವರು ಕೇಳುವುದು. ಒಬ್ಬ ಒಳ್ಳೆ ಫೈಟರ್ ಮುಂದೆ ನುಗ್ಗಿ ನಾಲ್ಕು ಜನರ ಮಧ್ಯೆ ಸಿಕ್ಕಿಕೊಂಡರೆ ಅವನನ್ನು ಬಿಡಿಸಲು ಇನ್ನು ನಾಲ್ಕು ಜನ ಹೋಗಬೇಕು. ನಾನು ಒಬ್ಬ ಎಂಎಂಎ ಚಾಂಪಿಯನ್‌ಗಿಂತ ಒಟ್ಟಿಗೆ ಊಟ ಮಾಡಿ, ಒಟ್ಟಿಗೆ ರಗಡಾ (ಮೈ ಮುರಿಯುವ ಶಿಕ್ಷೆ) ತಿಂದ ಹತ್ತು ಜನರನ್ನು ಆರಿಸಿಕೊಳ್ಳುತ್ತೇನೆ.

ಅಂಥ ಹತ್ತು ಜನಕ್ಕೆ ಕುಸ್ತಿ ಬಂದರೆ ಅದಕ್ಕಿಂತ ಒಳ್ಳೆಯದು ಇನ್ನೇನು? ಅದನ್ನು ಒಪ್ಪುತ್ತೇನೆ.

ಗರಡಿಮನೆ_ಮೈಸೂರು
ಈ ಕೊನೆ ಸಾಲಿಗೆ ನನ್ನ ಸಹಿ.

ಕೊಡಗಿನ_ಕಾಫಿಹೂ
ನನ್ನ ಪ್ರಶ್ನೆ ಬೇರೆ. ಇಲ್ಲಿ ಯಾರೂ ತೂಕದ ಬಗ್ಗೆ ಮಾತಾಡಲಿಲ್ಲ. ನನ್ನ ತಂಗಿ ಮಹಿಳಾ ಅಗ್ನಿವೀರ್‌ಗೆ ಹಾಕಬೇಕು ಅಂತಿದ್ದಾಳೆ. ಮಿಲಿಟರಿ ಪೊಲೀಸ್ ವಿಭಾಗಕ್ಕೆ. ಅವಳು 50 ಕೆ.ಜಿ. ಕೂಡ ಇಲ್ಲ. ಕ್ರೀಡೆಯಲ್ಲಿ ಅವಳ ತೂಕದವರ ಜೊತೆ ಮಾತ್ರ ಆಡಿಸುತ್ತಾರೆ. ಡ್ಯೂಟಿಯಲ್ಲಿ 90 ಕೆ.ಜಿ. ಗಂಡಸು ಎದುರು ಬಂದರೆ ಏನು ಮಾಡುವುದು?

ಮಾಜಿ_ಹವಾಲ್ದಾರ್
ತಂಗ್ಯಮ್ಮನಿಗೆ ಧೈರ್ಯ ಹೇಳಿ. ಮಿಲಿಟರಿ ಪೊಲೀಸ್‌ಗೆ ಮಹಿಳೆಯರ ಮೊದಲ ತಂಡ ತಯಾರಾದದ್ದು ನಮ್ಮ ಬೆಂಗಳೂರಿನ ಸಿಎಂಪಿ (ಮಿಲಿಟರಿ ಪೊಲೀಸ್ ದಳ) ಸೆಂಟರಿನಲ್ಲೇ. 2021ರ ಮೇ ತಿಂಗಳಲ್ಲಿ 83 ಜನ ಪಾಸಾಗಿ ಹೊರಬಂದರು.

ನಿಮ್ಮ ಪ್ರಶ್ನೆ ಬಹಳ ಮುಖ್ಯದ್ದು. ತೂಕದ ವರ್ಗ ಅನ್ನುವುದು ಪಂದ್ಯದ ಅನುಕೂಲ. ಹೊರಗೆ ಇಲ್ಲ. ಅದಕ್ಕೇ ನಮ್ಮಲ್ಲಿ ಇಬ್ಬರು ಒಬ್ಬನನ್ನು ಹಿಡಿಯುವುದು, ಮೂವರು ಒಬ್ಬನನ್ನು ಹಿಡಿಯುವುದು ಕಲಿಸುತ್ತಾರೆ. ಕ್ರೀಡೆಯಲ್ಲಿ ಅದು ಅನ್ಯಾಯ. ಇಲ್ಲಿ ಅದೇ ಸರಿಯಾದ ಕೆಲಸ.

ಖಾಕಿ_ಕಲಬುರಗಿ
ನಾನು ಪೊಲೀಸ್ ಇಲಾಖೆಯಲ್ಲಿದ್ದೇನೆ. ಮೂವರು ಒಬ್ಬನನ್ನು ಹಿಡಿಯುವ ಮಾತು ನಮ್ಮಲ್ಲಿ ದಿನದ ಕೆಲಸ. ನಮ್ಮದು ಇವೆರಡಕ್ಕೂ ಬೇರೆಯದೇ ಕಷ್ಟ. ಹಿಡಿಯಬೇಕಾದವನು ಕುಡಿದಿರುತ್ತಾನೆ. ಸುತ್ತ ನೂರು ಮೊಬೈಲ್ ವಿಡಿಯೋ ಮಾಡುತ್ತಿರುತ್ತವೆ. ಅವನಿಗೆ ಗಾಯ ಆಗಬಾರದು, ನನಗೂ ಆಗಬಾರದು. ಕೊಲ್ಲುವ ಪಟ್ಟು ನನಗೆ ಯಾತಕ್ಕೆ ಬೇಕು? ಗುದ್ದಿದರೂ ತೊಂದರೆಯೇ. ನನಗೆ ಕೆಲಸಕ್ಕೆ ಬಂದದ್ದು ಕಾಲೇಜಿನಲ್ಲಿ ಮಾಡಿದ ಕುಸ್ತಿ. ಹಿಂದಿನಿಂದ ಸೊಂಟ ಹಿಡಿದು ಮೆತ್ತಗೆ ಕೂರಿಸುವುದು. ನಮ್ಮಂಥವರಿಗೆ ನೆಲಪಟ್ಟು ಅವರ ಬಿಜೆಜೆ, ಮೇಷ್ಟರ ಜೂಡೋ ಎರಡೂ ತುಂಬಾ ಬೇಕು. ಇಲಾಖೆಯ ಎಲ್ಲರಿಗೂ ವಾರಕ್ಕೆ ಎರಡು ತಾಸು ಸಿಕ್ಕರೂ ಎಷ್ಟೋ ಗಾಯಗಳು ತಪ್ಪುತ್ತವೆ ಅಂತ ನನಗೆ ಅನ್ನಿಸುತ್ತದೆ.

ಡಲ್ಲಾಸ್_ಕನ್ನಡಿಗ
ಖಾಕಿ ಸರ್, ಇಲ್ಲೂ ಪೊಲೀಸರಲ್ಲಿ ಅನೇಕರು ಬಿಜೆಜೆ ಕಲಿಯುತ್ತಾರೆ, ಇದೇ ಕಾರಣಕ್ಕೆ.

ಸಿಡಿಲಮರಿ_ಬಾಗಲಕೋಟೆ
ನನಗನ್ನಿಸುವ ಮುಖ್ಯ ವ್ಯತ್ಯಾಸ ಒಂದೇ. ಕ್ರೀಡೆಗೆ ನಿಯಮ ಇದೆ, ಯುದ್ಧಕ್ಕೆ ನಿಯಮ ಇಲ್ಲ. ಕಚ್ಚು, ಕಣ್ಣು ಕೀಳು, ಏನು ಬೇಕಾದರೂ ಮಾಡು. ಮುಗೀತು.

ಓದುಗ_ಶಿವಮೊಗ್ಗ
ಪೂರ್ತಿ ಸರಿ ಅಲ್ಲ. 1993ರಲ್ಲಿ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ (ಎಂಎಂಎ ಪಂದ್ಯಾವಳಿ) ನಡೆದಾಗ ಅದನ್ನು ನಿಯಮವೇ ಇಲ್ಲದ ಹೊಡೆದಾಟ ಅಂತ ಪ್ರಚಾರ ಮಾಡಿದ್ದರು. ಆಗಲೂ ಕಚ್ಚುವುದು, ಕಣ್ಣಿಗೆ ಬೆರಳು ಹಾಕುವುದು ಬೇಡ ಅಂತಿತ್ತು. ಇನ್ನು ಯುದ್ಧಕ್ಕೂ ನಿಯಮ ಇದೆ. 1949ರ ಜಿನೀವಾ ಒಪ್ಪಂದಗಳು ಇರುವುದೇ ಅದಕ್ಕೆ. ಶರಣಾದವನನ್ನು, ಗಾಯವಾಗಿ ಬಿದ್ದವನನ್ನು ಮುಟ್ಟುವ ಹಾಗಿಲ್ಲ.

ಮಾಜಿ_ಹವಾಲ್ದಾರ್
ಓದುಗ ಅವರಿಗೆ ಧನ್ಯವಾದ. ಇದನ್ನು ನಾನು ಸ್ವಲ್ಪ ಒತ್ತಿ ಹೇಳಬೇಕು. ಸಿಡಿಲಮರಿ ತಮ್ಮಾ, ಸೈನ್ಯದಲ್ಲಿ ಸಿಟ್ಟು ಬರಿಸುವುದನ್ನು ಕಲಿಸುತ್ತಾರೆ ನಿಜ. ಬಯೊನೆಟ್ ಹಿಡಿದು ಗೊಂಬೆಗೆ ಚುಚ್ಚುವಾಗ ಗಂಟಲು ಹರಿಯುವ ಹಾಗೆ ಕೂಗಿಸುತ್ತಾರೆ. ಆದರೆ ಅದರ ಎರಡು ಪಟ್ಟು ಕಷ್ಟಪಟ್ಟು ಕಲಿಸುವುದು ಆ ಸಿಟ್ಟನ್ನು ಆರಿಸುವುದನ್ನು. ರಿಂಗಿನಲ್ಲಿ ರೆಫರಿ ಮಧ್ಯೆ ಬರುತ್ತಾನೆ. ಮನೆ ಮನೆ ತಪಾಸಣೆ ಮಾಡುವಾಗ ರೆಫರಿ ಇಲ್ಲ. ಎದುರಿಗಿದ್ದವನು ಕೈ ಎತ್ತಿದ ಕ್ಷಣ ನೀನೇ ನಿಲ್ಲಿಸಬೇಕು. ಒಳಗಿನ ಕೋಣೆಯಲ್ಲಿ ಹೆಂಗಸರು, ಮಕ್ಕಳು ಇರುತ್ತಾರೆ. ಆಗ ನಿಲ್ಲಿಸಲು ಬರದವನು ಸೈನಿಕ ಅಲ್ಲ. ಏನು ಬೇಕಾದರೂ ಮಾಡು ಅನ್ನುವ ಮಾತು ಈ ಅಕಾಡೆಮಿಯವರ ಬಾಯಲ್ಲಿ ಬಂದರೆ ಅವರು ಯಾವ ಪಲ್ಟನ್ನಿನಲ್ಲೂ ಇದ್ದವರಲ್ಲ ಅಂತ ನನಗೆ ಗೊತ್ತಾಗುತ್ತದೆ.

ಸಿಡಿಲಮರಿ_ಬಾಗಲಕೋಟೆ
ಅರ್ಥ ಆಯಿತು ಕಾಕಾ.

ಫಿಸಿಯೋ_ದಾವಣಗೆರೆ
ಮೈ ತಯಾರು ಮಾಡುವ ರೀತಿಯಲ್ಲಿ ಇರುವ ವ್ಯತ್ಯಾಸದ ಬಗ್ಗೆ ಯಾರೂ ಬರೆದಿಲ್ಲ. ನನ್ನ ಹತ್ತಿರ ಇಬ್ಬರೂ ಬರುತ್ತಾರೆ, ಪೈಲ್ವಾನರೂ, ರಜೆಗೆ ಬಂದ ಜವಾನರೂ. ಅದಕ್ಕೆ ಹೇಳುತ್ತೇನೆ.

ಆಟಗಾರನಿಗೆ ಪಂದ್ಯದ ತಾರೀಖು ಗೊತ್ತು. ಎಂಟು ಹತ್ತು ವಾರ ಮೊದಲೇ ಕ್ಯಾಂಪ್ ಶುರು ಮಾಡಿ, ಕೊನೆಯ ವಾರ ಭಾರ ಇಳಿಸಿ, ಚೆನ್ನಾಗಿ ನಿದ್ದೆ ಮಾಡಿ, ಆ ಒಂದು ದಿನಕ್ಕೆ ಮೈಯನ್ನು ತುದಿಗೆ ತರುತ್ತಾನೆ. ಒಲಿಂಪಿಕ್ ಬಾಕ್ಸಿಂಗ್ ಅಂದರೆ ಮೂರು ನಿಮಿಷದ ಮೂರು ರೌಂಡ್. ಫ್ರೀಸ್ಟೈಲ್ ಕುಸ್ತಿ ಮೂರು ನಿಮಿಷದ ಎರಡು ಅವಧಿ. ಯುಎಫ್‌ಸಿ ಐದು ನಿಮಿಷದ ಮೂರು, ಪ್ರಶಸ್ತಿ ಪಂದ್ಯವಾದರೆ ಐದು. ಆ ನಿಮಿಷಗಳಿಗೆ ಬೇಕಾದ ಹಾಗೆ ಮೈ ಹದ ಮಾಡಿದರೆ ಆಯಿತು.

ಜವಾನನಿಗೆ ತಾರೀಖು ಇಲ್ಲ. ಅವನ ಬಿಪಿಇಟಿ ಅನ್ನುವ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ರೈಫಲ್, ಸಾಮಾನು ಹೊತ್ತು 5 ಕಿ.ಮೀ. ಓಡಬೇಕು, 60 ಮೀಟರ್ ಜೋರು ಓಟ, ಹಗ್ಗ ಹತ್ತುವುದು, ಅಡ್ಡ ಹಗ್ಗ ದಾಟುವುದು, 9 ಅಡಿ ಹಳ್ಳ. ಚಾಂಪಿಯನ್ ಆಗುವ ಮಟ್ಟ ಯಾವುದರಲ್ಲೂ ಬೇಡ. ಎಲ್ಲದರಲ್ಲೂ ಸಾಕಷ್ಟು ಇರಬೇಕು, ನಿದ್ದೆ ಕೆಟ್ಟು ಹೊಟ್ಟೆ ಖಾಲಿ ಇದ್ದಾಗಲೂ ಇರಬೇಕು.

ಗಾಯಗಳೂ ಬೇರೆ ಬೇರೆ. ಪೈಲ್ವಾನರು ಬರುವುದು ಕಿವಿ ಊದಿ, ಭುಜ, ಮೊಣಕಾಲಿನ ಲಿಗಮೆಂಟ್ ಹರಿದು. ಜವಾನರು ಬರುವುದು ಸೊಂಟ, ಮೊಣಕಾಲು, ಪಾದದ ನೋವಿಗೆ. ಭಾರ ಹೊತ್ತದ್ದರ ಫಲ. ಬಾಕ್ಸರ್ ತಮ್ಮನಿಗೆ ಇನ್ನೊಂದು ಮಾತು: ಮೆಡಿಕಲ್ ಹತ್ತಿರ ಇರುವಾಗ ಜೋರು ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಬೇಡ. ತಲೆಗೆ ಏಟು, ಹುಬ್ಬಿಗೆ ಹೊಲಿಗೆ, ಮೂಗು ಸೊಟ್ಟ ಇವೆಲ್ಲಾ ಸುಮ್ನೆ ತೊಂದರೆ.

ಜೂಡೋ_ಮೇಷ್ಟ್ರು
ಫಿಸಿಯೋ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸೈನ್ಯ ತಾನೇ ಇವೆರಡನ್ನೂ ಬೇರೆ ಬೇರೆ ಇಟ್ಟಿದೆ ನೋಡಿ. ಪುಣೆಯಲ್ಲಿ 2001ರಲ್ಲಿ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಶುರು ಮಾಡಿದರು. ಅಲ್ಲಿ ಬಾಕ್ಸರ್‌ಗಳು, ಪೈಲ್ವಾನರು ಒಲಿಂಪಿಕ್‌ಗೆ ತಯಾರಾಗುವುದು ಪ್ರಪಂಚದ ಉಳಿದ ಆಟಗಾರರ ಹಾಗೆಯೇ. ಆಹಾರ, ವಿಡಿಯೋ, ಫಿಸಿಯೋ, ಕೋಚ್ ಎಲ್ಲಾ ಪಂದ್ಯಕ್ಕಾಗಿ. ಅದೇ ಸೈನ್ಯದ ಇನ್ಫೆಂಟ್ರಿ ಸ್ಕೂಲಿನ ಕಮಾಂಡೋ ವಿಂಗ್ ನಮ್ಮ ಬೆಳಗಾವಿಯಲ್ಲಿದೆ. ಅಲ್ಲಿ ನಡೆಯುವುದು ಬೇರೆಯೇ ಲೋಕ. ಒಂದೇ ಸಮವಸ್ತ್ರ, ಎರಡು ಶಾಲೆ. ಎರಡೂ ಒಂದೇ ಆಗಿದ್ದರೆ ಸೈನ್ಯ ಎರಡಕ್ಕೂ ಖರ್ಚು ಮಾಡುತ್ತಿತ್ತಾ?

ಮಾಜಿ_ಹವಾಲ್ದಾರ್
ಹೌದು ಮೇಷ್ಟ್ರೇ. ಬೆಳಗಾವಿಯ ಮರಾಠಾ ರೆಜಿಮೆಂಟ್ ಸೆಂಟರಿನಲ್ಲಿ ಬಾಯ್ಸ್ ಸ್ಪೋರ್ಟ್ಸ್ ಕಂಪನಿಯೂ ಇದೆ. ಸಣ್ಣ ಹುಡುಗರನ್ನು ತಗೊಂಡು ಓದಿಸಿ ಕುಸ್ತಿ ಕಲಿಸುತ್ತಾರೆ. ನಮ್ಮ ಕಡೆಯ ಬಡವರ ಮಕ್ಕಳಿಗೆ ಇದು ದೊಡ್ಡ ದಾರಿ. ಊರಲ್ಲಿ ಒಳ್ಳೆ ಪೈಲ್ವಾನ ಹುಡುಗ ಇದ್ದರೆ ಅವನ ಅಪ್ಪ ಅಮ್ಮನಿಗೆ ಹೇಳಿ.

ಹುಬ್ಬಳ್ಳಿ_ಬಾಕ್ಸರ್
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೋರ್ಸಿಗೆ ಸೇರುವುದಿಲ್ಲ ಅಂತ ಇವತ್ತೇ ಫೋನ್ ಮಾಡಿ ಹೇಳಿದೆ. "ಆಮೇಲೆ ಸೀಟ್ ಸಿಗಲ್ಲ" ಅಂತ ಹೆದರಿಸಿದರು. ಹೆದರಲಿಲ್ಲ. ಬಾಕ್ಸಿಂಗ್ ಬಿಡುವುದಿಲ್ಲ, ಆದರೆ ಭರ್ತಿ ಮುಗಿಯುವವರೆಗೆ ಸ್ಪಾರಿಂಗ್ ಕಡಿಮೆ ಮಾಡಿ ಓಟಕ್ಕೆ ಹೊತ್ತು ಕೊಡುತ್ತೇನೆ.

ಎರಡು ಪ್ರಶ್ನೆ ಉಳಿದಿವೆ. ನನ್ನ ಜಿಲ್ಲಾ ಮಟ್ಟದ ಸರ್ಟಿಫಿಕೇಟ್‌ಗೆ ಬೋನಸ್ ಅಂಕ ಸಿಗುತ್ತದಾ? ಪುಲ್‌ಅಪ್ ಆರಕ್ಕೇ ನಿಂತುಬಿಡುತ್ತದೆ, ಏನು ಮಾಡಲಿ?

ಮಾಜಿ_ಹವಾಲ್ದಾರ್
ಸರ್ಟಿಫಿಕೇಟ್ ವಿಷಯ ಆ ವರ್ಷದ ಅಧಿಸೂಚನೆಯಲ್ಲೇ ನೋಡು. ಆಟಗಾರರಿಗೆ ಬೋನಸ್ ಇದೆ, ಯಾವ ಮಟ್ಟಕ್ಕೆ ಎಷ್ಟು ಅಂತ ಅಲ್ಲಿ ಬರೆದಿರುತ್ತದೆ. ಮೂಲ ಪ್ರತಿ ಜೋಪಾನ. ಎನ್‌ಸಿಸಿ ಸರ್ಟಿಫಿಕೇಟ್ ಇದ್ದರೆ ಅದನ್ನೂ ತೆಗೆದಿಡು. ದೊಡ್ಡ ಮಟ್ಟದಲ್ಲಿ ಪದಕ ಬಂದವರಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ನೇರವಾಗಿ ಹವಾಲ್ದಾರ್, ನಾಯಬ್ ಸುಬೇದಾರ್ ಆಗುವ ದಾರಿಯೂ ಇದೆ. ಆ ಬಾಗಿಲನ್ನು ಮರೆಯಬೇಡ.

ಗರಡಿಮನೆ_ಮೈಸೂರು
ಪುಲ್‌ಅಪ್‌ಗೆ ನಾನು ಹೇಳುತ್ತೇನೆ. ಒಂದೇ ಸಲ ಹತ್ತು ಹೊಡೆಯಲು ಒದ್ದಾಡಬೇಡ. ದಿನಕ್ಕೆ ಐದಾರು ಸಲ, ಪ್ರತಿ ಸಲ ಮೂರು ನಾಲ್ಕು ಮಾತ್ರ, ಸುಸ್ತಾಗುವ ಮೊದಲೇ ನಿಲ್ಲಿಸು. ಮೇಲೆ ಹೋಗುವುದಕ್ಕಿಂತ ನಿಧಾನ ಕೆಳಗೆ ಇಳಿಯುವುದರಲ್ಲಿ ಬಲ ಬರುತ್ತದೆ. ಗರಡಿಯಲ್ಲಿ ಹಗ್ಗ ಇದ್ದರೆ ಹತ್ತು, ಹಿಡಿತ ಗಟ್ಟಿಯಾಗುತ್ತದೆ. ಕಾಲು ಜಾಡಿಸಿ ಮೇಲೆ ಹೋಗುವ ಅಭ್ಯಾಸ ಬೇಡ, ಅಲ್ಲಿ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಕೊಡಗಿನ_ಕಾಫಿಹೂ
ನನ್ನ ತಂಗಿಗೂ ಇದನ್ನೇ ಓದಿಸಿದೆ. ಹುಡುಗಿಯರ ಭರ್ತಿಯಲ್ಲಿ ಓಟದ ಜೊತೆ ಉದ್ದ ಜಿಗಿತ, ಎತ್ತರ ಜಿಗಿತ ಇದೆ. ಅದಕ್ಕೆ ಯಾರಾದರೂ ತಯಾರಿ ಹೇಳುತ್ತೀರಾ? ಹೊಸ ಚರ್ಚೆ ಶುರು ಮಾಡಲಾ?

ಜೂಡೋ_ಮೇಷ್ಟ್ರು
ಶುರು ಮಾಡಿ ಅಮ್ಮ. ನಮ್ಮ ಶಾಲೆಯ ಹುಡುಗಿಯರಿಗೆ ಮಾಡಿಸುವ ಅಭ್ಯಾಸ ಪೂರ್ತಿ ಬರೆದು ಹಾಕುತ್ತೇನೆ.